ಯಾರಿಗೂ ಹೇಳದ ವಿಳಾಸ

ಕಿಟಕಿ ತೆರೆದವಳು ಹಾಗೇ ಮುಚ್ಚಿದಳು. ಎದುರಿನ ಗ್ಯಾರೇಜಿನ ಮುಂದೆ ಅವನು ನಿಂತಿದ್ದ. ಅವಳು ಈ ಕೋಣೆಗೆ ಬಂದು ಆರೇ ದಿನ. ಪಾತ್ರೆಗಳಿನ್ನೂ ರಟ್ಟಿನ ಪೆಟ್ಟಿಗೆಯಲ್ಲಿದ್ದವು. ನರ್ಸ್ ಆದ ಅವಳಿಗೆ ಗಾಬರಿಯಾಗಲಿಲ್ಲ. ಗಾಬರಿಯೆಲ್ಲ ಈ ಎಂಟು ತಿಂಗಳಲ್ಲಿ ಖರ್ಚಾಗಿಹೋಗಿತ್ತು. ಸಮವಸ್ತ್ರದ ತೋಳಿಗೆ ಇಸ್ತ್ರಿ ಹಾಕುವುದು ಬಾಕಿಯಿತ್ತು, ಹಾಕಿ ಮುಗಿಸಿದಳು.

ಅವನ ಕಾಲಿನ ಸುಟ್ಟಗಾಯಕ್ಕೆ ಮೂರು ವಾರ ಡ್ರೆಸ್ಸಿಂಗ್ ಮಾಡಿದ್ದಳು. ಸಂಬಂಧ ಅಷ್ಟೇ. ಗಾಯ ಮಾಯಿತು, ಅವನು ಬರುವುದು ನಿಲ್ಲಲಿಲ್ಲ. ಮೈ ಮುಟ್ಟಲಿಲ್ಲ, ಬೈಯಲಿಲ್ಲ. ಡ್ರೆಸ್ಸಿಂಗ್ ಕೋಣೆಯ ಹೊರಗಿನ ಬೆಂಚಿನಲ್ಲಿ ದಿನವಿಡೀ ಕೂರುತ್ತಿದ್ದ. ಅವಳು ದೂರು ಕೊಟ್ಟಳು. ವಾರ ಕಳೆಯುವುದರೊಳಗೆ ಅವಳ ಬಸ್ಸಿನಲ್ಲೇ ಹಿಂದಿನ ಸೀಟು ಹಿಡಿದ.

“ಅಷ್ಟು ಮೃದುವಾಗಿ ಹಿಡಿದ ಕಾಲು,” ಎಂದ ಕಿವಿಯ ಹತ್ತಿರ ಬಗ್ಗಿ. “ಹಾಗೆಲ್ಲ ಕೈಬಿಡೋಕಾಗುತ್ತಾ ಸಿಸ್ಟರ್?”

ಅವಳ ಬಸ್ಸು ಯಾವುದೆಂದು ಗೊತ್ತಿದ್ದದ್ದು ಆಸ್ಪತ್ರೆಯ ಗೇಟಿನ ಕಾವಲುಗಾರನಿಗೆ. ಅವನೇ ಬಾಯಿಬಿಟ್ಟನೆಂದು ಅವಳು ಮೇಲಿನವರಿಗೆ ಹೇಳಿ ಆ ಕಾವಲುಗಾರನನ್ನು ಹಿಂಬದಿಯ ಗೋದಾಮಿಗೆ ಹಾಕಿಸಿದಳು. ಪಾಪ, ಅವನು ಈಗಲೂ ಕಂಡರೆ ಸಲಾಮು ಹೊಡೆಯುತ್ತಾನೆ. ಆಸ್ಪತ್ರೆ ಅವಳ ಪಾಳಿ ಬದಲಿಸಿ ಮಕ್ಕಳ ವಾರ್ಡಿಗೆ ಕಳಿಸಿತು. ಎರಡನೆಯ ದೂರಾಯಿತು, ಆ ಸುಟ್ಟಗಾಯದವನು ಮಕ್ಕಳ ವಾರ್ಡಿನ ಬಾಗಿಲಲ್ಲಿದ್ದ. ಹೊಸ ಪಾಳಿಯ ಸುದ್ದಿ ಹೇಳಿದ್ದು ಜೊತೆಗೆ ಕೆಲಸ ಮಾಡುವ ಗೆಳತಿಗೊಬ್ಬಳಿಗೇ; ಇದು ಅವಳ ಕೆಲಸವೆಂದು ಅವಳ ಜೊತೆ ಮಾತು ಬಿಟ್ಟಳು. ಮನೆ ಖಾಲಿ ಮಾಡಿ ತಂಗಿಯ ಮನೆ ಸೇರಿ ಮೂರನೆಯ ದೂರು ಬರೆದಳು. ಐದನೆಯ ದಿನ ತಂಗಿಯ ಗೇಟಿನೆದುರು ಅವನ ಸ್ಕೂಟರ್ ಇತ್ತು.

“ನನ್ನ ಮಕ್ಕಳಿರೋ ಮನೆಯ ದಾರಿ ಅವನಿಗೆ ನಾನೇ ತೋರಿಸ್ತೀನಾ ಅಕ್ಕಾ?” ಎಂದು ತಂಗಿ ಕೇಳಿದ್ದಳು. ಇವಳು ಪೆಟ್ಟಿಗೆ ಕಟ್ಟಿದಳು. ಅಂದಿನಿಂದ ಇಬ್ಬರ ನಡುವೆ ಮಾತಿಲ್ಲ.

ಹಾಗಾಗಿ ಈ ಕೋಣೆಯ ಸುದ್ದಿ ತಂಗಿಗಿಲ್ಲ, ಗೆಳತಿಗಿಲ್ಲ. ಮನೆಯೊಡತಿಗೂ ತಾನು ಟೀಚರ್ ಎಂದೇ ಹೇಳಿದ್ದಳು. ಬಂದ ಮರುದಿನ ನಾಲ್ಕನೆಯ ದೂರು ಕೊಟ್ಟಿದ್ದಳು. ಇನ್ನು ಅನುಮಾನಿಸಲು ಯಾರೂ ಉಳಿದಿರಲಿಲ್ಲ. ಅದೇ ಅವಳನ್ನು ಹೆಚ್ಚು ದಣಿಸಿತು.

ಹತ್ತು ಗಂಟೆಗೆ ದೂರು ವಿಭಾಗದಲ್ಲಿದ್ದಳು. ಗುಮಾಸ್ತರು ಎದ್ದು ಫ್ಯಾನಿನ ಕೆಳಗೆ ಕುರ್ಚಿ ಎಳೆದುಕೊಟ್ಟರು, ಎಂದಿನಂತೆ ಹೊಸ ಅರ್ಜಿ ಮುಂದಿಟ್ಟರು. ಅವಳು ಬರೆಯತೊಡಗಿದಳು. ರೋಗಿಯ ಜ್ವರವನ್ನು ಗಂಟೆ ನಿಮಿಷ ಸಮೇತ ಬರೆದಿಡುವ ಕೈ; ಅರ್ಜಿಯಲ್ಲೂ ಒಂದು ಸಾಲು ಖಾಲಿ ಬಿಟ್ಟವಳಲ್ಲ. ಈಗಿನ ವಾಸ, ಪಾಳಿ, ಬಸ್ಸಿನ ನಂಬರು, ಎಲ್ಲ ದುಂಡಗಿನ ಅಕ್ಷರದಲ್ಲಿ.

ಅರ್ಧಕ್ಕೆ ಪೆನ್ನು ನಿಲ್ಲಿಸಿ, ತನ್ನ ಕಡತವನ್ನು ಯಾರಾದರೂ ಕದ್ದು ನೋಡುತ್ತಿರಬಹುದೇ ಎಂದು ಕೇಳಿದಳು. ಗುಮಾಸ್ತರಿಗೆ ನೋವಾಯಿತು. ಬೀರುವಿನ ಕೀಲಿ ತಮ್ಮ ಜೇಬು ಬಿಟ್ಟು ಕದಲಿಲ್ಲ ಎಂದರು. ಮೂವತ್ತೊಂದು ವರ್ಷದ ನೌಕರಿಯಲ್ಲಿ ಒಂದು ಹಾಳೆ ಆಚೀಚೆಯಾಗಿಲ್ಲ ಎಂದರು. ಆಮೇಲೆ ಅವಳ ಮುಖ ನೋಡಿ ಕನಿಕರದಿಂದ ದನಿ ತಗ್ಗಿಸಿದರು.

“ನಿಮ್ಮ ವಿಷಯದಲ್ಲಂತೂ ಒಂದು ದಿನವೂ ತಡ ಮಾಡಿಲ್ಲ ಸಿಸ್ಟರ್. ಎದುರಿನವರಿಗೆ ತಿಳಿಸದೆ ವಿಚಾರಣೆ ಮಾಡೋ ಹಾಗಿಲ್ಲ ಅಂತ ನಿಯಮ ಇದೆಯಲ್ಲ, ಅದಕ್ಕೇ ನಿಮ್ಮ ನಾಲ್ಕೂ ಅರ್ಜಿಯ ಪೂರ್ತಿ ನಕಲನ್ನ, ನೀವು ಕೊಟ್ಟ ದಿನವೇ, ಅವನ ಮನೆಗೆ ಅಂಚೆಯಲ್ಲಿ ಕಳಿಸಿದ್ದೀನಿ.”