ತೆರೆಯದ ಚಿತ್ರಗಳು

ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸಲು ಬೇಕಾದ ಉಚಿತ ತಂತ್ರಾಂಶವೊಂದನ್ನು ಹದಿನಾಲ್ಕು ವರ್ಷ ಸಂಬಳವಿಲ್ಲದೆ ನೋಡಿಕೊಂಡವನು ಯತಿರಾಜ. ಎಂಥ ಯಂತ್ರದಲ್ಲಾದರೂ ಅದು ಓಡಬೇಕೆಂಬುದು ಅವನ ಹಟ. ಆದರೆ ಹಳೆಯ ಫೈಲುಗಳನ್ನು ತೆರೆಯುವ ಭಾಗ ದಿನಕ್ಕೊಂದು ತಕರಾರು ತೆಗೆಯುತ್ತಿತ್ತು. ಈಗ ಅದನ್ನು ಯಾರೂ ಬಳಸುವುದಿಲ್ಲವೆಂದು ನಂಬಿ, ಹೊಸ ಆವೃತ್ತಿಯಿಂದ ಕಿತ್ತುಹಾಕಿದ. ಆ ಆವೃತ್ತಿ ಅಂದು ರಾತ್ರಿಯೇ ಬಳಕೆದಾರರ ಯಂತ್ರಗಳಿಗೆ ತಾನಾಗಿ ಇಳಿಯಿತು.

ಮರುದಿನ ಬೆಳಿಗ್ಗೆ, ಸಹಾಯಕ್ಕೆಂದು ಅವನು ಕೊಟ್ಟಿದ್ದ ನಂಬರಿಗೆ ಧಾರವಾಡದಿಂದ ಒಬ್ಬ ಹೆಂಗಸಿನ ಫೋನು ಬಂತು.

"ನನ್ನ ಮಗಳು ಬಿಡಿಸಿದ ಚಿತ್ರ ಒಂದೂ ತೆರೀವಲ್ದು ನೋಡ್ರಿ. ಬರೇ ಬಿಳೀ ಪರದೆ ಕಾಣತದ."

"ಮಕ್ಕಳ ಚಿತ್ರ ತಾನೇ ಅಮ್ಮ? ಹೊಸದರಲ್ಲಿ ಇನ್ನೊಂದು ಸಲ ಬಿಡಿಸಲಿ ಬಿಡಿ," ಎಂದ ಯತಿರಾಜ.

ಆ ಕಡೆಯಿಂದ ಬಿಕ್ಕುವ ಸದ್ದು ಕೇಳಿ ಅವನಿಗೆ ಕಸಿವಿಸಿಯಾಯಿತು.

"ಅಳಬೇಡಿ ಅಮ್ಮ, ಸಂಜೆಯೊಳಗೆ ಹಳೇದನ್ನೇ ವಾಪಸ್ ಹಾಕ್ತೀನಿ. ಮಗೂಗೆ ಫೋನ್ ಕೊಡಿ, ನಾನೇ ಸಮಾಧಾನ ಹೇಳ್ತೀನಿ. ಎಷ್ಟು ವರ್ಷ ಅವಳಿಗೆ?"

"ಒಂಬತ್ತು ತುಂಬಿದ್ವು ರೀ," ಎಂದಳು ಆ ತಾಯಿ. "ಅಲ್ಲಿಗೇ ನಿಂತು ಹನ್ನೆರಡು ವರ್ಷ ಆತು."