ಗುರುವಾರದ ಗುಂಡಿ

ಅಕ್ಸೆಂತೆ ಸಲಿಕೆ ಬಿಸಾಡಿ ಬರಿಗೈಯಲ್ಲಿ ಹಿಮ ಬಗೆಯತೊಡಗಿದ. ಉದ್ದನೆಯ ಸರಳು ಚುಚ್ಚಿದಾಗ ಒಂದೂವರೆ ಮೀಟರ್ ಕೆಳಗೆ ಮೆತ್ತಗೆ ಏನೋ ತಾಗಿತ್ತು. ಮೊದಲು ಉಣ್ಣೆಯ ಟೋಪಿ ಸಿಕ್ಕಿತು. ಆಮೇಲೆ ಹಣೆ. ಆಮೇಲೆ, ದೇವರು ದೊಡ್ಡವನು, ಮೂಗಿನ ಹತ್ತಿರ ಒಂದಿಷ್ಟು ಬಿಸಿ.

"ಉಸಿರಿದೆ," ಅಂದ ರಕ್ಷಣಾ ತಂಡದ ಕೊದ್ರೆಯಾ. "ಮುದುಕ ಗಟ್ಟಿ ಬಿಡು."

ಸುತ್ತ ನಿಂತವರು ಶಿಲುಬೆಯ ಗುರುತು ಹಾಕಿಕೊಂಡರು. ಅಕ್ಸೆಂತೆಯ ಕೈ ಮಾತ್ರ ಏಳಲಿಲ್ಲ. ಆ ಮುದುಕ ಇಲಾರಿಯೆಯನ್ನು ಹೂತದ್ದು ಹಿಮವಲ್ಲ, ತಾನು ಎಂಬುದು ಅವನೊಬ್ಬನಿಗೇ ಗೊತ್ತಿತ್ತು.

ಫಗರಾಶ್ ಬೆಟ್ಟ ಹತ್ತುವವರು ತಂಗುವ ಒಂದು ಛತ್ರದಲ್ಲಿ ಅವನದು ಹಿಮ ನೋಡುವ ನೌಕರಿ. ಪ್ರತಿ ಗುರುವಾರ ಕರಡಿಬಾಣಲೆ ಎಂಬ ಇಳಿಜಾರಿನ ಅಂಚಿಗೆ ಹತ್ತಿ, ನೆಲ ಕಾಣುವವರೆಗೆ ಗುಂಡಿ ತೋಡಬೇಕು. ಪ್ರತಿ ಪದರಕ್ಕೂ ಮುಷ್ಟಿ ಒತ್ತಿ, ಅದು ಹೋಗದಿದ್ದರೆ ಬೆರಳು, ಬೆರಳೂ ಹೋಗದಿದ್ದರೆ ಪೆನ್ಸಿಲು, ಕೊನೆಗೆ ಚಾಕು ಒತ್ತಿ ನೋಡಬೇಕು. ಕೊರೆದು ನಿಲ್ಲಿಸಿದ ಹಿಮದ ಕಂಬದ ಮೇಲೆ ಸಲಿಕೆ ಇಟ್ಟು ಮಣಿಕಟ್ಟಿನಿಂದ ಹತ್ತು ಏಟು, ಮೊಣಕೈಯಿಂದ ಹತ್ತು, ಭುಜದಿಂದ ಹತ್ತು. ಎಷ್ಟನೇ ಏಟಿಗೆ ಕಂಬ ಜಾರಿತೋ ಅದೇ ಬೆಟ್ಟದ ಮಾತು; ಬೇಗ ಜಾರಿದಷ್ಟೂ ಅಪಾಯ ಹೆಚ್ಚು. ಆ ಲೆಕ್ಕ ಪಟ್ಟಣದ ಕಚೇರಿಗೆ ಹೋಗುತ್ತದೆ, ಪ್ರತಿಯೊಂದು ಛತ್ರದ ಬಾಗಿಲಿಗೆ ಅಂಟುತ್ತದೆ, ಜನ ಅದನ್ನು ನಂಬಿ ಹತ್ತುತ್ತಾರೆ.

ಈ ಗುರುವಾರ ಅವನು ತೋಡಲಿಲ್ಲ. ಹಿಂದಿನ ದಿನ ಕೆಳಗಿನ ಊರಿನಲ್ಲಿ ಭಾವನ ಮನೆಯಲ್ಲಿ ಹಂದಿ ಕಡಿದಿದ್ದರು. ಹುರಿದ ಮಾಂಸ, ಮೆಕ್ಕೆಜೋಳದ ಬಿಸಿ ಮುದ್ದೆ, ಅದಕ್ಕಿಂತ ಬಿಸಿಯಾದ ಪ್ಲಮ್ ಸಾರಾಯಿ. ಬೆಳಗ್ಗೆ ತಲೆ ಗಡಿಗೆಯಷ್ಟು ಭಾರ, ಹೊರಗೆ ಮೈನಸ್ ಹತ್ತೊಂಬತ್ತು, ಚರ್ಮ ಸುಲಿಯುವ ಗಾಳಿ. ಒಲೆಯ ಮುಂದೆ ಕೂತು ಹಳೆಯ ದಫ್ತರಗಳ ಕಪಾಟು ತೆರೆದ.

ಆ ದಫ್ತರಗಳೆಲ್ಲ ಇಲಾರಿಯೆಯವು. ಮೂವತ್ತೆಂಟು ವರ್ಷ ಅದೇ ಕೆಲಸ ಮಾಡಿ, ಅಕ್ಸೆಂತೆಗೂ ಕಲಿಸಿ, ಆರು ವರ್ಷದ ಹಿಂದೆ ನಿವೃತ್ತನಾದವನು. ಮದುವೆಯ ಮರುದಿನವೂ ಗುಂಡಿ ತಪ್ಪಿಸಲಿಲ್ಲವೆಂದು ಬೆಟ್ಟವೆಲ್ಲ ಅವನ ಹೆಸರು ಹೇಳಿ ಹೊಸಬರನ್ನು ಬಯ್ಯುತ್ತಿತ್ತು. ಸುಳ್ಳು ಬರೆಯುವುದಿದ್ದರೂ ಸತ್ಯವಂತನದ್ದನ್ನೇ ನಕಲು ಮಾಡೋಣ ಎಂದುಕೊಂಡ ಅಕ್ಸೆಂತೆ. ಡಿಸೆಂಬರ್ ಮೂರನೆಯ ವಾರ, ಈ ಸಲದಷ್ಟೇ ಹಿಮ, ಆ ಚಳಿಗಾಲವಿಡೀ ಇಳಿಜಾರು ಕದಲಿರಲಿಲ್ಲ. ತೊಂಬತ್ತೊಂದರ ದಫ್ತರದಲ್ಲಿ ಅಂಥ ಒಂದು ಪುಟ ಸಿಕ್ಕಿತು. ಉಳಿದ ಪುಟಗಳಲ್ಲಿ ಅಕ್ಷರ ನಡುಗಿ, ಹಿಮ ಕರಗಿ ಕಲೆ ಕಟ್ಟಿತ್ತು. ಈ ಪುಟ ಮುತ್ತು ಪೋಣಿಸಿದ ಹಾಗೆ. ಇಪ್ಪತ್ತಮೂರನೇ ಏಟಿಗೆ ಕಂಬ ಜಾರಿತು ಎಂದಿತ್ತು. ಹಾಗೇ ಇಳಿಸಿ ಕಳಿಸಿದ. ಶುಕ್ರವಾರ ಬಾಗಿಲಿಗೆ ಅಂಟಿತು: ಅಪಾಯ ಐದರಲ್ಲಿ ಎರಡು.

ಶನಿವಾರ ಬೆಳಗ್ಗೆ ಕರಡಿಬಾಣಲೆಯ ಹಿಮ ಇಡೀ ಅಗಲಕ್ಕೆ ಕಳಚಿ ಬಿತ್ತು, ಅದರಡಿ ಇಲಾರಿಯೆ.

ಗಾಯಾಳುವನ್ನು ಸಾಗಿಸಿದ ಮೇಲೆ ಅಕ್ಸೆಂತೆ ಒಬ್ಬನೇ ಒಡೆದ ಅಂಚಿಗೆ ಹತ್ತಿದ. ಬುಡದ ಪದರಕ್ಕೆ ಕೈ ಹಾಕಿದರೆ ಸಕ್ಕರೆಯಂತೆ ಸುರಿಯಿತು. ತೋಡಿದ್ದರೆ ಕಂಬ ನಾಲ್ಕು ಏಟೂ ತಡೆಯುತ್ತಿರಲಿಲ್ಲ. ಪಕ್ಕದಲ್ಲಿ ಇಲಾರಿಯೆಯ ಸಲಿಕೆ ನೆಟ್ಟಗೆ ನಿಂತಿತ್ತು. ಅದನ್ನು ಹೆಗಲಿಗೇರಿಸಿ ಇಳಿದ.

ಮೂರನೆಯ ದಿನ ಸಿಬಿಯುವಿನ ಆಸ್ಪತ್ರೆಗೆ ಹೋದ. ಮೊಗಸಾಲೆಯಲ್ಲಿ ಇಲಾರಿಯೆಯ ಹೆಂಡತಿ ವೆತೂರಿಯಾ ಹೆಣೆಯುತ್ತ ಕೂತಿದ್ದಳು. ಕಾಲು ಮುರಿದಿದೆ, ಮೂರು ಪಕ್ಕೆಲುಬು ಹೋಗಿವೆ, ಬಾಯಿ ಮಾತ್ರ ಸಲೀಸಾಗಿದೆ ಎಂದಳು. ಆಮೇಲೆ ಸೂಜಿ ನಿಲ್ಲಿಸಿದಳು.

"ಬಾಗಿಲಲ್ಲಿದ್ದ ನಿನ್ನ ಲೆಕ್ಕ ಬರ್ಕೊಂಡು ಬಂದು ಓದಿದ್ದೇ ಓದಿದ್ದು ಕಣಪ್ಪ, ಶುಕ್ರವಾರ ಊಟಾನೂ ಮಾಡಲಿಲ್ಲ. ಬೆಳಕು ಹರಿಯೋ ಹೊತ್ತಿಗೆ ಹೊರಟುಬಿಟ್ರು."

ಅಕ್ಸೆಂತೆ ಅಂದುಕೊಂಡ: ತನ್ನ ಮೇಲೆ ಅಷ್ಟು ನಂಬಿಕೆ! ಒಳಗೆ ಹೋಗಿ ಮಂಚದ ಕಂಬಿ ಹಿಡಿದು, ಕುಡಿದದ್ದು, ಗುಂಡಿ ತೋಡದೆ ಇದ್ದದ್ದು ಒಂದೇ ಉಸಿರಿಗೆ ಹೇಳಿದ. ಕಚೇರಿಗೂ ಬರೆದು ಕೊಡುತ್ತೇನೆ, ನೌಕರಿ ಹೋದರೆ ಹೋಗಲಿ, ನಿನ್ನ ಮುಖ ನೋಡಲು ಮಾತ್ರ ಆಗುತ್ತಿಲ್ಲ ಎಂದ.

ಇಲಾರಿಯೆ ಕಿಟಕಿಯತ್ತ ತಿರುಗಿಕೊಂಡ.

"ತೊಂಬತ್ತೊಂದರ ಪುಟ ತಾನೇ?"

ಅಕ್ಸೆಂತೆ ಬೆಚ್ಚಿದ. ನಕಲು ಮಾಡಿದ್ದನ್ನು ಅವನಿನ್ನೂ ಹೇಳಿರಲಿಲ್ಲ.

"ಬಾಗಿಲಲ್ಲಿ ನೋಡಿದ ಕೂಡಲೇ ಗೊತ್ತಾಯ್ತು, ನೀನು ತೋಡಿಲ್ಲ ಅಂತ. ಅದಕ್ಕೇ ಸಲಿಕೆ ಹಿಡ್ಕೊಂಡು ಹತ್ತಿದ್ದು. ಶನಿವಾರ ಜನ ಬರ್ತಾರೆ, ಅಷ್ಟರೊಳಗೆ ನಾನೇ ನೋಡಿಬಿಡೋಣ ಅಂತ."

"ನನಗೊಂದು ಫೋನ್ ಮಾಡಬಾರದಿತ್ತಾ, ಅಣ್ಣ?"

"ಮಾಡಿದ್ರೆ ನೀನು ತೋಡಿದೀನಿ ಅಂತಿದ್ದೆ."

"ಕಚೇರಿಗಾದರೂ ಹೇಳಬಹುದಿತ್ತು."

"ನಿನಗೆ ಹೇಗೆ ಗೊತ್ತಾಯ್ತು ಅಂತ ಕೇಳಿದ್ರೆ?" ಮುದುಕ ಈಗ ಅವನತ್ತ ತಿರುಗಿದ. ಕಣ್ಣು ಮಾತ್ರ ಹೊದಿಕೆಯ ಮೇಲೇ ಇತ್ತು. "ಮೂವತ್ತೆಂಟು ವರ್ಷ ಬರೆದೆ. ನಿಜ ಬರೆದದ್ದು ಒಂದು ಸಾಲೂ ನೆನಪಿಲ್ಲ, ಮಾರಾಯ. ಆ ಒಂದು ಪುಟ ಮಾತ್ರ ಮರೆಯೋಕಾಗಿಲ್ಲ. ಅವತ್ತು ನಾನೂ ಒಲೆ ಮುಂದೇನೇ ಕೂತಿದ್ದೆ."