ಕೈ ಚಾಚಬೇಡ

"ತುಳಸಿಯನ್ನು ಮೈದಾನಕ್ಕೆ ಇಳಿಸ್ತೇನೆ," ಎಂದಳು ಕೋಚ್ ಜೆನಿಶಾ.

ಕ್ಲಬ್ಬಿನ ಕಾರ್ಯದರ್ಶಿ ಜಾರ್ಜ್ ಹಣೆ ಚಚ್ಚಿಕೊಂಡ. "ನಿಂಗೆ ಮರ್ಲಾ ಮಾರಾಯ್ತಿ? ಫೈನಲ್ ಇದು. ಬರೀ ಮೂರು ನಿಮಿಷ ಉಂಟು, ಎರಡು ಪಾಯಿಂಟ್ ಹಿಂದೆ ಇದ್ದೇವೆ. ಆ ಕಬಡ್ಡಿ ಹುಡುಗಿ ಪುನಃ ಕೈ ಚಾಚಿದ್ರೆ? ಕಮಿಟಿಯವರು ಹೇಳಿ ಆಗಿದೆ, ಕಪ್ ಬರದಿದ್ರೆ ಮುಂದಿನ ವರ್ಷ ಬೇರೆ ಕೋಚ್."

"ಗೊತ್ತುಂಟು. ನೀನು ನೀರಿನ ಬಾಟ್ಲಿ ನೋಡಿಕೋ."

ಕಬಡ್ಡಿಯಲ್ಲಿ ಏಳು ಜನ ಮೇಲೆ ಬಿದ್ದಿದ್ದರೂ ಬೆರಳ ತುದಿ ಗೆರೆ ಮುಟ್ಟಿದರೆ ಗೆದ್ದಂತೆ. ರಗ್ಬಿ ಲೀಗ್‌ನಲ್ಲಿ ಹಾಗಲ್ಲ. ಹಿಡಿಸಿಕೊಂಡು ನೆಲಕ್ಕೆ ಬಿದ್ದ ಮೇಲೆ ಚೆಂಡನ್ನು ಗೆರೆಯತ್ತ ಚಾಚಿದರೆ ತಪ್ಪು, ಚೆಂಡು ಎದುರಾಳಿಗೆ. ಎದ್ದು ನಿಂತು, ಕಾಲಿನಿಂದ ಹಿಂದಕ್ಕೆ ಹೊರಳಿಸಿ ಜೊತೆಯವಳಿಗೆ ಕೊಡಬೇಕು. ಮಂಗಳೂರಿನ ಕಾಲೇಜಿನಲ್ಲಿ ಕಬಡ್ಡಿ ಆಡಿ ಈ ದೂರದ ದೇಶಕ್ಕೆ ಬಂದಿದ್ದ ಜೆನಿಶಾ ಆರು ವರ್ಷದ ಹಿಂದೆ ಇದೇ ಫೈನಲಿನಲ್ಲಿ, ಇದೇ ಸೈಬರ್‌ಜಯಾದ ಮೈದಾನದಲ್ಲಿ, ಕೊನೆಯ ನಿಮಿಷ ಕೈ ಚಾಚಿ ಕಪ್ ಕಳೆದಿದ್ದಳು. ಮರುವರ್ಷ ಮಂಡಿ ಹೋಯಿತು. ಆಟ ಬಿಟ್ಟು ಕೋಚ್ ಆದಳು.

ಮಂಡ್ಯದ ತುಳಸಿಯನ್ನು ಇಲ್ಲಿನ ಬ್ರಿಕ್‌ಫೀಲ್ಡ್ಸ್ ಪೇಟೆಯ ಕಬಡ್ಡಿ ಪಂದ್ಯವೊಂದರಲ್ಲಿ ಕಂಡು ಎಳೆದು ತಂದವಳೂ ಅವಳೇ. ನಾಲ್ಕು ತಿಂಗಳು ದಿನಾ ಅವಳನ್ನು ಕೆಡವಿಸಿದಳು. ತುಳಸಿ ಕೈ ಚಾಚಿದಾಗಲೆಲ್ಲ ಮೈದಾನಕ್ಕೆ ಒಂದು ಸುತ್ತು ಓಡಿಸಿದಳು. "ಕೈನೇ ಕಡಿದುಬಿಡಕ್ಕ, ಇದಕ್ಕಿಂತ ಅದೇ ಸುಲಭ," ಎಂದು ತುಳಸಿ ಏದುಸಿರು ಬಿಡುತ್ತಿದ್ದಳು. ಆದರೂ ಸೆಮಿಫೈನಲಿನಲ್ಲಿ ಮತ್ತೆ ಚಾಚಿದ್ದಳು.

ಈಗ ಅರ್ಧ ನಿಮಿಷ ಉಳಿದಿತ್ತು. ಚೆಂಡು ತುಳಸಿಯ ಕೈಗೆ ಬಂತು. ಎಡಕ್ಕೆ ವಾಲಿ ಒಬ್ಬಳನ್ನು ತಪ್ಪಿಸಿದಳು, ಇನ್ನೊಬ್ಬಳ ತೋಳಿನಡಿ ನುಸುಳಿದಳು. ನೋಡುತ್ತಿದ್ದವರೆಲ್ಲ ಎದ್ದು ನಿಂತರು. "ಗೋ ಲಾ! ಗೋ!" ಎಂದು ಯಾರೋ ಕುರ್ಚಿ ಬಡಿದರು. ಜಾರ್ಜ್‌ನ ಕೈಲಿದ್ದ ಬಾಟಲಿ ನೆಲಕ್ಕೆ ಬಿತ್ತು. ಎದುರಾಳಿ ಈಪೋ ತಂಡದ ಮೂವರು ಒಟ್ಟಿಗೆ ಬಂದು ಅವಳ ಸೊಂಟ, ತೊಡೆ, ಕಣಕಾಲು ಹಿಡಿದು ಕೆಡವಿದರು. ಚೆಂಡು ಹಿಡಿದ ಕೈ ನೆಲಕ್ಕೆ ಬಡಿಯಿತು. ಗೆರೆ ಇನ್ನು ಒಂದೇ ಮೊಳ.

"ಚಾಚು! ಕೈ ಚಾಚು ಮಾರಾಯ್ತೀ!"

ಜಾರ್ಜ್ ಬೆಚ್ಚಿ ಪಕ್ಕಕ್ಕೆ ತಿರುಗಿದ. ಕೂಗಿದವಳು ಜೆನಿಶಾ. ಅವಳ ಕತ್ತಿನ ನರ ಉಬ್ಬಿತ್ತು.

ತುಳಸಿಯ ಮೊಣಕೈ ಒಮ್ಮೆ ಮುಂದಕ್ಕೆ ಅಲುಗಿತು. ಅಲ್ಲಿಗೇ ನಿಂತಿತು. ಅವಳು ಚೆಂಡನ್ನು ಹೊಟ್ಟೆಗೆ ಎಳೆದುಕೊಂಡಳು, ಮೂವರನ್ನೂ ಕೊಡವಿ ಎದ್ದಳು, ಕಾಲಿನಿಂದ ಹಿಂದಕ್ಕೆ ಹೊರಳಿಸಿದಳು. ಹಿಂದೆ ನಿಂತಿದ್ದ ನೂರುಲ್ ಅದನ್ನು ಬಾಚಿಕೊಂಡು, ತಲೆ ತಗ್ಗಿಸಿ, ಗೆರೆಯಾಚೆಗೆ ಧುಮುಕಿ ಚೆಂಡನ್ನು ನೆಲಕ್ಕೊತ್ತಿದಳು. ರೆಫ್ರಿ ಸೀಟಿ ಊದಿದ. ನಾಲ್ಕು ಪಾಯಿಂಟ್, ಕಪ್ ಜೆನಿಶಾಳ ತಂಡಕ್ಕೆ.

ಮೈದಾನ ಹುಚ್ಚೆದ್ದಿತು. ಜಾರ್ಜ್ ಫೋನ್ ಹಿಡಿದು ಓಡಿ ಬಂದ. "ಪ್ರೆಸಿಡೆಂಟ್ ಲೈನಲ್ಲಿದ್ದಾರೆ! ಮುಂದಿನ ವರ್ಷವೂ ನೀನೇ ಅಂತೆ! ಒಳ್ಳೆ ಟ್ರೇನಿಂಗ್ ಕೊಟ್ಟಿದ್ದೀ ಅಂತ ಹೇಳ್ತಾ ಇದ್ದಾರೆ!"

ಜೆನಿಶಾ ಫೋನ್ ತೆಗೆದುಕೊಳ್ಳಲಿಲ್ಲ. ಕುಂಟುತ್ತಾ ನೇರ ತುಳಸಿಯ ಹತ್ತಿರ ಹೋದಳು. ತುಳಸಿ ಹುಲ್ಲಿನ ಮೇಲೆ ಕೂತು ಬಾಯಿಂದ ಮಣ್ಣು ಉಗಿಯುತ್ತಿದ್ದಳು.

"ನಾನು ಕೂಗಿದ್ದು ಕೇಳಿಸಿತಾ?"

"ಚೆನ್ನಾಗೇ ಕೇಳಿಸ್ತಕ್ಕ."

"ಮತ್ತೆ ಎಂತಕ್ಕೆ ಚಾಚಲಿಲ್ಲ?"

ತುಳಸಿ ತುಟಿ ಒರೆಸಿಕೊಂಡಳು. "ಈಪೋದ ಕೋಚ್ ಯಾವಾಗ ಕನ್ನಡ ಕಲಿತ್ಲಪ್ಪಾ ಅಂದ್ಕೊಂಡೆ."